ಸಾವಿತ್ರೆವ್ವನ ಕಪ್ಪು

ಮೊದಲ ಪ್ರಿಂಟು ಯಂತ್ರದ ಬಾಯಿಂದ ಹೊರಬೀಳುತ್ತಲೇ ನಿಜಗುಣಪ್ಪ ಥೂ ಎಂದ. ಬಾಯಲ್ಲಿ ಎಲೆ ಅಡಿಕೆ ಇದ್ದಿದ್ದರೆ ಅದರ ಮೇಲೆಯೇ ಉಗುಳಿಬಿಡುತ್ತಿದ್ದ, ಅಷ್ಟು ಹೇಸಿಗೆಯಾಗಿತ್ತು ಅವನಿಗೆ.

“ಏನಾತೀಗ?” ಎಂದಳು ಮಗಳು ಮಧು. ಯಂತ್ರ ಅವಳದು.

“ಏನಾತಂತ ಕೇಳ್ತಿ? ನಿಮ್ಮ ಅತ್ತಿ ಮಾರಿ ನೋಡು. ಹಸರ ಆಗೈತಿ. ಕೆರ್ಯಾಗ ಬಿದ್ದು ಮೂರು ದಿನಕ್ಕ ತೇಲಿ ಬಂದವರ ಮಾರಿ ಹಿಂಗ ಇರತೈತಿ.”

“ಬಿಡ್ತು ಅನ್ನಪ್ಪಾ. ಅತ್ತಿ ಕಟಕೋಳದಾಗ ಗಟ್ಟಿಮುಟ್ಟಾಗಿ ಅದಾಳ.”

ಮಧು ಕಾಗದವನ್ನು ಟ್ಯೂಬ್‌ಲೈಟಿನ ಕೆಳಗಿಂದ ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದಳು. ಹಸಿರು ಹೋಗಿ ಮುಖ ಗುಲಾಬಿಯಾಯಿತು. ಮತ್ತೆ ಒಳಗೆ ತಂದರೆ ಮತ್ತೆ ಹಸಿರು. ನಿಜಗುಣಪ್ಪ ಮುಖ ತಿರುಗಿಸಿಕೊಂಡ. ಮೂವತ್ತು ವರ್ಷ ಕಪ್ಪು-ಬಿಳುಪು ಫೋಟೋ ತೊಳೆದು ಅನ್ನ ತಿಂದ ಮನುಷ್ಯನಿಗೆ ಈ ಆಟ ನೋಡಲು ಆಗುತ್ತಿರಲಿಲ್ಲ. ಕಪ್ಪು ಎಂದರೆ ಕಪ್ಪು. ಅದು ಮನೆಯೊಳಗೊಂದು ಹೊರಗೊಂದು ಆಗಬಾರದು.

ಬೈಲಹೊಂಗಲದ ಆ ಮನೆಯ ಪಕ್ಕದ ಕೋಣೆ ಒಂದು ಕಾಲಕ್ಕೆ ಅವನ ಕತ್ತಲೆ ಕೋಣೆ. ಕೆಂಪು ಬಲ್ಬು, ಮೂರು ತಟ್ಟೆಗಳಲ್ಲಿ ಮದ್ದಿನ ನೀರು, ಹಗ್ಗದ ಮೇಲೆ ಒಣಗುವ ಫೋಟೋಗಳು, ಇಷ್ಟೇ ಅವನ ಪ್ರಪಂಚ. ಸ್ಟುಡಿಯೋ ಮುಚ್ಚಿ ಹದಿನಾಲ್ಕು ವರ್ಷವಾಯಿತು. ಈಗ ಆ ಕೋಣೆಯಲ್ಲಿ ಮಧು ಆಧಾರ್ ಝೆರಾಕ್ಸು, ಹೊಲದ ಪಹಣಿ ಉತಾರ, ಪರೀಕ್ಷೆಯ ಅರ್ಜಿ ಎಂದು ಬೆಳಗಿನಿಂದ ಸಂಜೆಯವರೆಗೆ ಕಾಗದ ಉದುರಿಸುತ್ತಾಳೆ. ಅವಳ ಯಂತ್ರದಲ್ಲಿ ನಾಲ್ಕು ಶಾಯಿ. ಅದರಲ್ಲಿ ಕಪ್ಪು ಬರೀ ಅಕ್ಷರಕ್ಕೆ. ಹೊಳಪಿನ ಕಾಗದ ಹಾಕಿದ್ದೇವೆ ಎಂದು ಹೇಳಿದರೆ ಯಂತ್ರ ಆ ಕಪ್ಪನ್ನು ಮುಟ್ಟುವುದೇ ಇಲ್ಲ. ನೀಲಿ, ಕೆಂಪು, ಹಳದಿ ಮೂರನ್ನೂ ಕಲಸಿ ಅದಕ್ಕೆ ಕಪ್ಪು ಎಂದು ಹೆಸರಿಡುತ್ತದೆ.

“ಮುಂದ ಕಪ್ಪು ಶಾಯಿ ತುಂಬಿ ಇಟಗೊಂಡು ಕಪ್ಪು ಹಾಕೂದಿಲ್ಲಂತ! ಇಂಥಾ ಲುಚ್ಚಾ ಯಂತ್ರ ನಾ ನೋಡಿಲ್ಲ ಬಿಡು.”

“ಹಂಗಾರ ಸುಳ್ಳು ಹೇಳೂಣು ತಡಿ” ಎಂದು ಮಧು ಯಂತ್ರಕ್ಕೆ ‘ಸಾದಾ ಕಾಗದ’ ಎಂದು ಹೇಳಿ ಒಳಗೆ ಹೊಳಪಿನ ಕಾಗದ ತುರುಕಿದಳು. ಈ ಸಲ ಕಪ್ಪು ಶಾಯಿಯೇನೋ ಬಿತ್ತು. ಆದರೆ ಕಾಗದ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ, ಮೇಲೆಯೇ ಕೂತಿತು. ಒಣಗಲಿ ಎಂದು ಒಂದು ದಿನ ಬಿಟ್ಟರು. ಮರುದಿನ ಬೆಳಿಗ್ಗೆ ನಿಜಗುಣಪ್ಪ ಅಂಚು ಹಿಡಿದು ಎತ್ತಲು ಹೋದರೆ ಹೆಬ್ಬೆರಳು ಜಾರಿತು. ಅಕ್ಕ ಸಾವಿತ್ರೆವ್ವನ ಎಡಗಣ್ಣು ಅವನ ಬೆರಳಿಗೆ ಬಂದಿತ್ತು, ಒಲೆಯ ಮಸಿ ಬಂದಂತೆ. ಅವನು ಎದ್ದು ಹೋಗಿ ಕೈ ತೊಳೆದು ಬಂದ. ಬಂದವನಿಗೆ ಚಹಾ ಸೇರಲಿಲ್ಲ.

ಇಷ್ಟು ಹೇಸಿಗೆ ಪಟ್ಟುಕೊಂಡಾದರೂ ಈ ಕೆಲಸ ಏಕೆ ಬೇಕಾಗಿತ್ತು ಎಂದರೆ, ಅಕ್ಕ ಕೇಳಿದ್ದಳು. ಅಕ್ಕ ಅವನನ್ನು ಬದುಕಿನಲ್ಲಿ ಏನನ್ನೂ ಕೇಳಿದವಳಲ್ಲ.

ಯುಗಾದಿ ಕಳೆದ ವಾರ ಸಾವಿತ್ರೆವ್ವ ಕಟಕೋಳದಿಂದ ಬಸ್ಸು ಹತ್ತಿ, ಮುನವಳ್ಳಿಯಲ್ಲಿ ಇನ್ನೊಂದು ಹಿಡಿದು, ಮಧ್ಯಾಹ್ನದ ಬಿಸಿಲಿಗೆ ಬೈಲಹೊಂಗಲಕ್ಕೆ ಬಂದಿಳಿದಿದ್ದಳು. ಅರವತ್ತೇಳು ವರ್ಷ. ಹಲ್ಲು ಎಲ್ಲಾ ಇವೆ, ಮಾತೂ ಎಲ್ಲಾ ಇದೆ. ಚೀಲದಲ್ಲಿ ಶೇಂಗಾ ಹೋಳಿಗೆ ತಂದಿದ್ದಳು. ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಮಧುವಿನ ಕೈಗೆ ತನ್ನ ಮೊಬೈಲು ಕೊಟ್ಟು, “ಅದರಾಗ ರಾಯವ್ವನ ಫೋಟೋ ಐತಿ, ನಿಮ್ಮಪ್ಪಗ ತೋರಸು” ಎಂದಳು.

ರಾಯವ್ವ ಅವಳ ನೆಗೆಣ್ಣಿ, ಮೈದುನನ ಹೆಂಡತಿ. ಹಿಂದಿನ ತಿಂಗಳು ತೀರಿಕೊಂಡಿದ್ದಳು. ಗೋಡೆಗೆ ಹಾಕಲು ಮಕ್ಕಳು ಯಾವುದೋ ಬ್ಯಾನರ್ ಅಂಗಡಿಯಲ್ಲಿ ದೊಡ್ಡ ಫೋಟೋ ಮಾಡಿಸಿದ್ದರು. ನಿಜಗುಣಪ್ಪ ಕನ್ನಡಕ ಹಾಕಿಕೊಂಡು ನೋಡಿದ. ಮೈದಾ ಹಿಟ್ಟು ಮೆತ್ತಿದಂಥ ಮುಖ, ತುಟಿಗೆ ಕೆಂಪು, ಬೆನ್ನ ಹಿಂದೆ ಹಿಮದ ಗುಡ್ಡ, ಗುಡ್ಡದ ಕೆಳಗೆ ಎರಡು ಹಂಸ. ಮೈಮೇಲೆ ಅವಳು ಕನಸಿನಲ್ಲೂ ಉಡದ ಜರದ ಸೀರೆ. ತಲೆಯ ಸುತ್ತ ಬೆಳಕಿನ ಚಕ್ರ ಬೇರೆ.

“ಇಡೀ ಆಯುಷ್ಯ ಹೊಲದಾಗ ಬಿಸಲ ಕುಡದಾಕಿ ಅಕಿ” ಎಂದಳು ಸಾವಿತ್ರೆವ್ವ. “ಅಕಿ ಮೊಮ್ಮಗಳು ಫೋಟೋ ಮುಂದ ನಿಂತು ಈ ಹೆಣ್ಮಗಳು ಯಾರು ಅಂತ ಕೇಳಿತು. ಊದಿನಕಡ್ಡಿ ಹಚ್ಚಾಕ ಹೋದಾಕಿ ನಾನು, ವಾಕರಿಕಿ ಬಂದು ಹೊರಗ ಬಂದೆ.”

“ನನಗೂ ಬಂತು” ಎಂದ ನಿಜಗುಣಪ್ಪ ಮೊಬೈಲು ಹಿಂದಕ್ಕೆ ಕೊಡುತ್ತ.

“ಅದಕ್ಕ ಬಂದೇನಿ. ನನ್ನ ಫೋಟೋ ನೀನ ಮಾಡು. ಈಗ ಮಾಡು, ನನ್ನ ಕಣ್ಣೀಲೆ ನಾ ನೋಡಬೇಕು. ಕಪ್ಪು-ಬಿಳಿದ ಇರಲಿ, ಮೊದಲ ಮಾಡತಿದ್ದಿ ಅಲ್ಲ, ಹಂಗ ಮಿಂಚಲಿ. ಆದರ ನಾ ಕರ್ರಗ ಇರಬೇಕು. ಹೆಂಗ ಅದೀನಿ ಹಂಗ.”

ಕೊನೆಯ ಮಾತು ಹೇಳುವಾಗ ಅವಳು ತಮ್ಮನ ಮುಖವನ್ನೇ ನೋಡಿದಳು. ಅವನು ನೆಲ ನೋಡಿದ. ನಲವತ್ತೇಳು ವರ್ಷಗಳಲ್ಲಿ ಇಬ್ಬರ ನಡುವೆ ಆ ವಿಷಯ ಬಂದದ್ದು ಅದೇ ಮೊದಲು. ಅದೂ ಅಷ್ಟೇ ಬಂದು ಹೋಯಿತು.

ಆಗ ಅವನಿಗೆ ಹದಿನೇಳು ವರ್ಷ. ಸವದತ್ತಿಯಲ್ಲಿ ಕಾಡಪ್ಪ ಮಾಸ್ತರರ ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದ. ಕಟಕೋಳದ ಬೀಗರು ಹುಡುಗಿಯ ಫೋಟೋ ಕೇಳಿ ಕಳಿಸಿದ್ದರು. ಫೋಟೋ ತೆಗೆದದ್ದು ಮಾಸ್ತರರು, ತಿದ್ದಿದ್ದು ಇವನು. ನೆಗೆಟಿವ್‌ನ ಮೇಲೆ ಮುಖ ಇರುವಲ್ಲಿ ಸೀಸದ ಕಡ್ಡಿಯಿಂದ ನವಿರಾಗಿ ತೀಡುತ್ತ ಹೋದರೆ, ಆ ಜಾಗ ಫೋಟೋದಲ್ಲಿ ಬೆಳ್ಳಗಾಗುತ್ತದೆ. “ಹುಡಿಗಿ ಕಪ್ಪು ಐತಿ, ಸ್ವಲ್ಪ ತೀಡು” ಎಂದಿದ್ದರು ಮಾಸ್ತರರು. ಇವನು ಸ್ವಲ್ಪಕ್ಕೆ ನಿಲ್ಲಲಿಲ್ಲ. ಅಕ್ಕನಿಗೆ ಒಳ್ಳೆಯ ಮನೆ ಸಿಗಲಿ ಎಂಬ ಪ್ರೀತಿ ಒಂದು ಕಡೆ, ಕೈಚಳಕ ತೋರಿಸುವ ಉಮೇದು ಇನ್ನೊಂದು ಕಡೆ. ಮೂರು ದಿನ ಕೂತು ತೀಡಿದ. ಸಾವಿತ್ರೆವ್ವ ಹಾಲಿನಲ್ಲಿ ತೊಳೆದವಳ ಹಾಗೆ ಹೊರಬಂದಳು. ಮಾಸ್ತರರು ಅವನ ಬೆನ್ನು ತಟ್ಟಿದರು, ಕಟಕೋಳದವರು ಒಪ್ಪಿಕೊಂಡರು.

ಮದುವೆಯ ದಿನ ಅತ್ತೆ ಸೊಸೆಯ ಸೆರಗು ಸರಿಸಿ ನೋಡಿ, ಹಂದರದ ತುಂಬ ಕೇಳುವಂತೆ, “ಫೋಟೋದಾಗಿನ ಹುಡಿಗಿನ್ನ ಎಲ್ಲಿ ಬಿಟ್ಟು ಬಂದ್ರಿ?” ಎಂದಳು. ಜನ ನಕ್ಕರು. ನಿಜಗುಣಪ್ಪ ಊಟದ ಪಂಕ್ತಿಯಲ್ಲಿ ಬುಂದಿ ಬಡಿಸುತ್ತಿದ್ದ; ಬುಟ್ಟಿ ಅಲ್ಲೇ ಇಟ್ಟು ಹಿತ್ತಲಿಗೆ ಹೋಗಿ ನಿಂತ.

ಆ ಮಾತು ಹಂದರದಲ್ಲೇ ಮುಗಿಯಲಿಲ್ಲ. ಹಾಲು ಉಕ್ಕಿದರೂ ಅದೇ, ರೊಟ್ಟಿ ಸೀದರೂ ಅದೇ, ಹೆಣ್ಣು ಹುಟ್ಟಿದಾಗಲೂ ಅದೇ. ಅತ್ತೆ ಆ ಫೋಟೋಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ, ಸರಿಯಾಗಿ ಅಡುಗೆಮನೆಯ ಬಾಗಿಲಿನ ಎದುರಿಗೆ ತೂಗು ಹಾಕಿದ್ದಳು. ಒಲೆಯ ಮುಂದೆ ಕೂತವಳ ಕಣ್ಣಿಗೆ ಅದೇ ಬೀಳಬೇಕು. ತೆಗೆಯೋಣ ಎಂದು ಸಾವಿತ್ರೆವ್ವನ ಗಂಡ ಒಮ್ಮೆ ಅಂದಾಗ ಮುದುಕಿ, “ಇರಲಿ ಬಿಡು. ನೋಡಲಿ” ಎಂದಿದ್ದಳಂತೆ. ಇಪ್ಪತ್ತೆರಡು ವರ್ಷ, ಮುದುಕಿ ಸಾಯುವ ತನಕ, ಸಾವಿತ್ರೆವ್ವ ಆ ಬಿಳಿ ಮುಖ ನೋಡುತ್ತಲೇ ರೊಟ್ಟಿ ಬಡಿದಳು. ಇದೆಲ್ಲ ನಿಜಗುಣಪ್ಪನಿಗೆ ಗೊತ್ತಿತ್ತು. ದೀಪಾವಳಿಗೆ ಕರೆಯಲು ಹೋದಾಗಲೆಲ್ಲ ಆ ಫೋಟೋಕ್ಕೆ ಬೆನ್ನು ಮಾಡಿ ಕೂತು ಚಹಾ ಕುಡಿದು ಬಂದವನು ಅವನು. ಅಂಗಡಿಯವರು ರಾಯವ್ವನ ಮುಖಕ್ಕೆ ಹಿಟ್ಟು ಮೆತ್ತಿದ್ದಾರೆ ಎಂದು ಮೂಗು ಮುರಿದನಲ್ಲ, ಆ ಧಂದೆ ಶುರು ಮಾಡಿದ್ದು ಯಾರು? ನೆನೆದರೆ ತನ್ನ ಬಲಗೈ ಕಂಡರೇ ಅವನಿಗೆ ಅಸಹ್ಯ.

ತಾನು ಕೆಡಿಸಿದ ಆ ವಯಸ್ಸಿನ ಮುಖವನ್ನೇ ಅಕ್ಕನಿಗೆ ಹಿಂದಕ್ಕೆ ಕೊಡಬೇಕು ಅನ್ನಿಸಿತು ಅವನಿಗೆ; ತಿದ್ದದ ನೆಗೆಟಿವ್ ಒಂದು ಅವನ ಹತ್ತಿರ ಉಳಿದಿತ್ತು. ಅದೇ ವರ್ಷ, ಮದುವೆಗೆ ಮುಂಚೆ, ಮಾಸ್ತರರ ಕ್ಯಾಮೆರಾ ಇಸಿದುಕೊಂಡು ಅಕ್ಕನನ್ನು ಕಿತ್ತೂರಿಗೆ ಕರೆದುಕೊಂಡು ಹೋಗಿದ್ದ. ಕೋಟೆಯ ಬಿದ್ದ ಗೋಡೆಯ ಮೇಲೆ ಅವಳು ಕೂತಿದ್ದಾಳೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾಳೆ, ಲಗೂನ ತೆಗಿಯೋ ಎಂದು ಬೈಯಲು ಬಾಯಿ ತೆರೆಯುವುದರಲ್ಲಿದ್ದಾಳೆ. ಮಾಸ್ತರರು ನೋಡಿ, “ಮಾರಿ ಕರ್ರಗ ಬಿದ್ದೈತಿ, ಒಗಿ ಅದನ್ನ” ಎಂದಿದ್ದರು. ಅವನು ಒಗೆಯಲಿಲ್ಲ. ಪ್ರಿಂಟೂ ಹಾಕಲಿಲ್ಲ. ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟ. ಈಗ ಮಧು ಅದನ್ನು ಧಾರವಾಡಕ್ಕೆ ಒಯ್ದು ಸ್ಕ್ಯಾನ್ ಮಾಡಿಸಿಕೊಂಡು ಬಂದಿದ್ದಳು. ಪರದೆಯ ಮೇಲೆ ಅಕ್ಕ ಇದ್ದ ಹಾಗೇ ಇದ್ದಳು. ಕಾಗದಕ್ಕೆ ಇಳಿಸುವುದೊಂದೇ ಬಾಕಿ. ಆ ಒಂದರಲ್ಲೇ ಹಸಿರು, ಗುಲಾಬಿ, ಮಸಿ ಎಲ್ಲ ಬಂದು ಕೂತವು.

“ನಮ್ಮ ಕೈಲೆ ಆಗೂದಿಲ್ಲಿದು” ಎಂದು ಮಧು ಕಡೆಗೆ ಅಪ್ಪನನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಅಭಯನ ಅಂಗಡಿಗೆ ಕಳಿಸಿದಳು. ಅಭಯ ಪ್ರಿಂಟರ್ ರಿಪೇರಿ ಮಾಡುವವನು. ಇವನು ತಂದ ಹಸಿರು ಅಕ್ಕನನ್ನೂ ಮಸಿ ಅಕ್ಕನನ್ನೂ ನೋಡಿ ನಗಲಿಲ್ಲ; ಅದಕ್ಕೇ ನಿಜಗುಣಪ್ಪನಿಗೆ ಅವನ ಮೇಲೆ ಸ್ವಲ್ಪ ನಂಬಿಕೆ ಬಂತು.

“ಕಾಕಾ, ಬಣ್ಣದ ಶಾಯಿಯೊಳಗ ಕಪ್ಪು ಹುಡುಕಬ್ಯಾಡ್ರಿ” ಎಂದ ಅಭಯ. “ನನ್ನ ಹತ್ರ ಆರು ಶಾಯಿದು ಒಂದು ಹಳೇ ಮಷೀನ್ ಅದ. ಆರರಾಗೂ ಕಪ್ಪು, ಬೂದು, ತಿಳಿಬೂದು ಇಷ್ಟ ತುಂಬಿ ಕೊಡ್ತೇನಿ. ಬಣ್ಣನ ಇಲ್ಲಂದ್ರ ಹಸರು ಎಲ್ಲಿಂದ ಬರ್ತದ? ಆದರ ಶಾಯಿ ಯಾವ ಜಾತಿದು ಬೇಕು ನೀವ ಹೇಳ್ರಿ.”

“ಶಾಯ್ಯಾಗೂ ಜಾತಿ ಏನು?”

“ಎರಡು ಅವ. ಪಿಗ್ಮೆಂಟ್ ಅಂದ್ರ ನುಣ್ಣಗ ಅರೆದ ಪುಡಿ, ಕಾಗದದ ಮ್ಯಾಲೆ ಕೂಡ್ತದ. ಡೈ ಅಂದ್ರ ನೀರಾಗ ಕರಗಿದ ಬಣ್ಣ, ಕಾಗದದ ಒಳಗ ಇಳೀತದ. ಪುಡೀದು ಭಾಳ ವರ್ಷ ಬಾಳ್ತದ, ಆದರ ಹೊಳಪಿನ ಕಾಗದದ ಮ್ಯಾಲೆ ಅಷ್ಟು ಚಂದ ಕಾಣೂದಿಲ್ಲ. ಡೈ ಭಾಳ ಚಂದ ಮಿಂಚ್ತದ, ಖರೆ ಅದಕ್ಕ ಬಿಸಲು, ನೀರು ಎರಡೂ ಆಗಿಬರೂದಿಲ್ಲ.”

“ಫೋಟೋಕ್ಕ ನೀರು ಆಗಿಬರೂದಿಲ್ಲ?” ನಿಜಗುಣಪ್ಪನಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು. “ಏ ಹುಚ್ಚಪ್ಪಾ, ಫೋಟೋ ಹುಟ್ಟೂದ ನೀರಾಗ. ನಾವು ಒಂದು ತಾಸು ಹರಿಯೂ ನೀರಾಗ ತೊಳೀತಿದ್ವಿ. ಗೋಡಿಗೆ ಹೋಗೂ ಫೋಟೋ ಆದರ ಮ್ಯಾಲೆ ಹಸಿ ವಿಭೂತಿ ಹಚ್ಚಿ ಕೈಯಾಗ ಕೊಡತಿದ್ವಿ.”

ಅದು ಕಾಡಪ್ಪ ಮಾಸ್ತರರ ಕಟ್ಟಳೆ. ಬೋಳು ಹಣೆಯ ಫೋಟೋ ಸ್ಟುಡಿಯೋದ ಹೊಸ್ತಿಲು ದಾಟಬಾರದು. ಬದುಕಿದವರದಾಗಲಿ ಸತ್ತವರದಾಗಲಿ, ಮೂರು ಬೆರಳು ನೀರಿನಲ್ಲಿ ಅದ್ದಿ, ವಿಭೂತಿ ಗಟ್ಟಿಯ ಮೇಲೆ ತೇಯ್ದು, ಫೋಟೋದ ಹಣೆಗೆ ಎಳೆದು ಕೊಡಬೇಕು. ಬೇಡವಾದವರು ಮನೆಗೆ ಹೋಗಿ ಒದ್ದೆ ಬಟ್ಟೆಯಿಂದ ಒರೆಸಿಕೊಂಡರಾಯಿತು, ಫೋಟೋಕ್ಕೆ ಏನೂ ಆಗುತ್ತಿರಲಿಲ್ಲ. ನಿಜಗುಣಪ್ಪ ತನ್ನ ಸ್ಟುಡಿಯೋದಲ್ಲೂ ಮೂವತ್ತು ವರ್ಷ ಇದನ್ನು ತಪ್ಪಿಸಿರಲಿಲ್ಲ.

ಅಭಯ ಹೆಚ್ಚು ವಾದಿಸಲಿಲ್ಲ. ಮೊದಲು ಬಾಳಿಕೆಯದು ನೋಡೋಣ ಎಂದು ಪಿಗ್ಮೆಂಟ್ ತುಂಬಿ ಹಳೆಯ ಯಂತ್ರವನ್ನು ಮನೆಗೆ ತಂದಿಟ್ಟು ಹೋದ. ಪ್ರಿಂಟು ಬಂತು. ನೆಟ್ಟಗೆ ನೋಡಿದರೆ ಅಕ್ಕ ಕಪ್ಪಾಗಿಯೇ ಇದ್ದಳು. ಹಸಿರಿಲ್ಲ, ಗುಲಾಬಿಯಿಲ್ಲ, ಬೆರಳಿಗೂ ಹತ್ತಲಿಲ್ಲ. ಮಧು ಚಪ್ಪಾಳೆ ತಟ್ಟಿದಳು. ನಿಜಗುಣಪ್ಪ ಕಾಗದವನ್ನು ಓರೆ ಮಾಡಿ ಬೆಳಕಿಗೆ ಹಿಡಿದ, ಮಾಸ್ತರರು ಕಲಿಸಿದ ಹಾಗೆ. ಹಿಡಿದವನ ಮುಖ ಸಿಂಡರಿಸಿತು. ಕಪ್ಪು ಇದ್ದಲ್ಲೆಲ್ಲ ತಾಮ್ರದ ಬಣ್ಣ ತೇಲುತ್ತಿತ್ತು. ಬಿಳಿ ಇದ್ದಲ್ಲಿ ಬರೀ ಕಾಗದ ಪಳಪಳ, ಕಪ್ಪು ಇದ್ದಲ್ಲಿ ಮಂಕು. ಒಂದೇ ಮುಖದ ಮೇಲೆ ಒಂದು ಕಡೆ ಹೊಳಪು, ಇನ್ನೊಂದು ಕಡೆ ಕಿಲುಬು.

“ಹುಣಸಿಹಣ್ಣ ಕಾಣದ ತಾಮ್ರದ ಚರಗಿ ಆಗೈತಿ. ಒಗಿ ಅತ್ತಾಗ.”

“ಯಾರು ಅಪ್ಪಾ ಫೋಟೋನ ಹಿಂಗ ಓರೆ ಮಾಡಿ ನೋಡತಾರ? ಎಲ್ಲಾರೂ ಎದುರಿಗೆ ನಿಂತು ನೋಡತಾರ.”

“ನಾ ನೋಡತೇನಿ. ಒಗಿ ಅಂದ್ರ ಒಗಿ.”

ಮಧು ಒಗೆಯಲಿಲ್ಲ. ಒಳ್ಳೆಯ ದಪ್ಪ ಕಾಗದ ಹಾಳು ಮಾಡಲು ಮನಸ್ಸು ಬರದೆ, ಅತ್ತೆಯ ಮುಖ ಕೆಳಗೆ ಮಾಡಿ, ಕುಡಿಯುವ ನೀರಿನ ಗಡಿಗೆಯ ಅಡಿಗೆ ಹಾಕಿದಳು. ಆ ಗಡಿಗೆ ಸದಾ ಜಿನುಗುತ್ತಿತ್ತು. ನಿಜಗುಣಪ್ಪ ನೀರು ತೆಗೆದುಕೊಳ್ಳಲು ಹೋದಾಗಲೆಲ್ಲ ಆ ಕಾಗದದ ಬೆನ್ನು ಕಂಡು ಮುಖ ತಿರುಗಿಸುತ್ತಿದ್ದ.

ಅಭಯ ಮತ್ತೆ ಬಂದು ಯಂತ್ರದ ಹೊಟ್ಟೆ ತೊಳೆದು ಡೈ ತುಂಬಿಕೊಟ್ಟ. ಹೋಗುವಾಗ ಬಾಗಿಲಲ್ಲಿ ನಿಂತು ಮಧುವಿಗೆ ನೀರಿನ ವಿಷಯ ಇನ್ನೊಮ್ಮೆ ಹೇಳಿದ. ಅವಳು ಅಪ್ಪನಿಗೆ ಹೇಳಿದಳು. ಅಪ್ಪ, “ಅವನು ಹುಟ್ಟೂಕಿಂತ ಮೊದಲ ನಾ ಫೋಟೋ ತೊಳದಾವ” ಎಂದ.

ಡೈ ಪ್ರಿಂಟು ಬಂದಾಗ ಅವನೇ ಕೈಗೆತ್ತಿಕೊಂಡ. ಎರಡೂ ಅಂಗೈ ಮೇಲೆ ಹಾಸಿಕೊಂಡು ಕಿಟಕಿಯ ಹತ್ತಿರ ಹೋದ. ನೆಟ್ಟಗೆ ನೋಡಿದ, ಓರೆ ಮಾಡಿ ನೋಡಿದ, ತಲೆಕೆಳಗು ಮಾಡಿ ನೋಡಿದ. ಎಲ್ಲಿಂದ ನೋಡಿದರೂ ಒಂದೇ ಹೊಳಪು. ಸೀರೆಯ ಕಪ್ಪು ಬೇರೆ, ಕೂದಲಿನ ಕಪ್ಪು ಬೇರೆ, ಮುಖದ ಕಪ್ಪು ಬೇರೆ. ಆ ಮುಖದ ಕಪ್ಪಿನೊಳಗೆ ಕೆನ್ನೆಯ ಎಲುಬಿನ ಮೇಲೆ ಕಿತ್ತೂರಿನ ಬಿಸಿಲು ಒಂದಿಷ್ಟು ಕೂತಿತ್ತು. ಬೈಯಲು ತೆರೆಯುತ್ತಿದ್ದ ಬಾಯಿ ಇನ್ನೇನು ಬೈದೇಬಿಡುತ್ತದೆ ಅನ್ನಿಸುತ್ತಿತ್ತು. ಮೂರು ವಾರಗಳಿಂದ ಹೊಟ್ಟೆಯಲ್ಲಿ ಕೂತಿದ್ದ ಹೇಸಿಗೆ ಅಂದು ಇಳಿಯಿತು. ಎರಡು ರೊಟ್ಟಿ ಹೆಚ್ಚು ತಿಂದ.

“ಅಕ್ಕಗ ಫೋನ್ ಹಚ್ಚು, ಬಾ ಅನ್ನು” ಎಂದ ಮಧುವಿಗೆ.

ಸಾವಿತ್ರೆವ್ವ ಸೋಮವಾರ ಬೆಳಿಗ್ಗೆಯೇ ಬಂದಳು. ಈ ಸಲ ಹೋಳಿಗೆ ತಂದಿರಲಿಲ್ಲ. ಫೋಟೋ ಸುತ್ತಿಕೊಂಡು ಹೋಗಲು ತೊಳೆದ ಹಳೆಯ ಇಲಕಲ್ ಸೀರೆಯ ತುಂಡು ತಂದಿದ್ದಳು. ನಿಜಗುಣಪ್ಪ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಮೇಜು ಒರೆಸಿ, ಅದರ ಮೇಲೆ ಹಾಸಿದ ಬಿಳಿ ಟವೆಲ್ಲಿನ ಮೇಲೆ ಫೋಟೋ ಇಟ್ಟಿದ್ದ. ಅವಳು ಕುರ್ಚಿ ಎಳೆದುಕೊಂಡು ಕೂತು ನೋಡಿದಳು. ಹೊರಗೆ ಯಾರೋ ಝೆರಾಕ್ಸಿಗೆ ಬಂದು ಮಧುವನ್ನು ಕೂಗಿದರು, ಮಧು ಹೋಗಲಿಲ್ಲ.

“ಇದು ನಾನು” ಎಂದಳು ಸಾವಿತ್ರೆವ್ವ. ಆಮೇಲೆ ತಮ್ಮನ ಕಡೆ ತಿರುಗಿ, “ಇಷ್ಟು ವರ್ಷ ಎಲ್ಲಿ ಇಟ್ಟಿದ್ದಿ ನನ್ನ?” ಎಂದಳು.

“ಬಿಸ್ಕೀಟಿನ ಡಬ್ಬ್ಯಾಗ” ಎಂದ ಅವನು, ಬೇರೇನೂ ತೋಚದೆ.

ಅವಳು ನಕ್ಕಳು. ಅವನೂ ನಕ್ಕ. ಅಕ್ಕ ತನ್ನೆದುರಿಗೆ ಹಾಗೆ ಬಾಯಿ ಬಿಟ್ಟು ನಕ್ಕು ಎಷ್ಟು ವರ್ಷವಾಗಿತ್ತೋ. ಆ ಸಂತೋಷದಲ್ಲಿ ಅವನ ಕೈ ತನ್ನ ಹಳೆಯ ಕೆಲಸ ತಾನೇ ನೆನೆಸಿಕೊಂಡಿತು. ಗೋಡೆಗೆ ಹೋಗುವ ಫೋಟೋ, ಹಣೆ ಬೋಳು ಇದೆ. ಅವನು ದೇವರ ಜಗಲಿಯಿಂದ ವಿಭೂತಿ ಗಟ್ಟಿ ತಂದ. ತಂಬಿಗೆಯ ನೀರಿನಲ್ಲಿ ಮೂರು ಬೆರಳು ಅದ್ದಿದ, ಗಟ್ಟಿಯ ಮೇಲೆ ತೇಯ್ದ, ಫೋಟೋದಲ್ಲಿನ ಅಕ್ಕನ ಹಣೆಯ ಮೇಲೆ ಎಡದಿಂದ ಬಲಕ್ಕೆ ಎಳೆದ.

“ಅಪ್ಪಾ, ನೀರು!” ಎಂದು ಮಧು ಕೂಗುವಷ್ಟರಲ್ಲಿ ಕೆಲಸ ಆಗಿಹೋಗಿತ್ತು.

ಮೊದಲು ಮೂರು ಗೆರೆ ಚೆನ್ನಾಗಿಯೇ ಕಂಡವು. ಆಮೇಲೆ ಗೆರೆಗಳ ಅಂಚು ನೇರಳೆಯಾಯಿತು. ಹಣೆಯ ಕಪ್ಪು ಎದ್ದು ನೀರಿನ ಜೊತೆ ಹರಿಯತೊಡಗಿತು; ಹುಬ್ಬು ಜಾರಿ ಕಣ್ಣಿನೊಳಗೆ ಇಳಿಯಿತು. ನಿಜಗುಣಪ್ಪ ಗಾಬರಿಯಾದ. ಗಾಬರಿಯಾದ ಕೈ ಮೂವತ್ತು ವರ್ಷದಿಂದ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು: ಟವೆಲ್ಲಿನ ಅಂಚನ್ನು ನೀರಿನಲ್ಲಿ ಅದ್ದಿ ಒರೆಸಿತು. ಒಂದೇ ಸಲ. ಕಪ್ಪೆಲ್ಲ ಬಟ್ಟೆಗೆ ಬಂತು, ವಿಭೂತಿ ಮುಖದ ತುಂಬ ಹರಡಿತು. ಕೆನ್ನೆ, ಮೂಗು, ಬಾಯಿ ಎಲ್ಲ ಬೂದಿ ಬಳಿದ ಬಿಳುಪು. ಒದ್ದೆಯಾದ ನೇರಳೆ ರಸ ಟವೆಲ್ಲಿನ ಮೇಲೆ ಇಳಿಯಿತು. ನೋಡಲು ಹೊಲಸಾಗಿತ್ತು.

ಸಾವಿತ್ರೆವ್ವ ಬಗ್ಗಿ ನೋಡಿದಳು.

“ಮತ್ತ ಬೆಳ್ಳಗ ಮಾಡಿದಿ” ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವನು ಆ ಬಲಗೈಯನ್ನು ಬೆನ್ನ ಹಿಂದೆ ಸರಿಸಿಕೊಂಡ. ಹಸಿರು ಪ್ರಿಂಟು ಕಂಡು ಬಂದ ಹೇಸಿಗೆ, ಮಸಿ ಕಂಡು ಬಂದ ಹೇಸಿಗೆ, ರಾಯವ್ವನ ಮೈದಾ ಮುಖ ಕಂಡು ಬಂದ ಹೇಸಿಗೆ, ಅವೆಲ್ಲ ಇದರ ಮುಂದೆ ಏನೂ ಅಲ್ಲ.

“ಹತ್ತು ಮಿನಿಟಿನಾಗ ಇನ್ನೊಂದು ತೆಗೀತೇನಿ ಅತ್ತಿ” ಎಂದಳು ಮಧು. “ಶಾಯಿ ಐತಿ, ಕಾಗದ ಐತಿ.”

“ತೆಗೀತೇನಿ ಅಕ್ಕಾ, ಈಗ ತೆಗೀತೇನಿ” ಎಂದ ಅವನೂ.

“ಬ್ಯಾಡ.” ಸಾವಿತ್ರೆವ್ವ ಕೈ ಅಡ್ಡ ಮಾಡಿದಳು. “ಮಠದಾಗಿನ ವಿಭೂತಿ ಹಚ್ಚದ ಫೋಟೋಕ್ಕ ನಮ್ಮ ಮನ್ಯಾಗ ಯಾರೂ ಕೈ ಮುಗಿಯೂದಿಲ್ಲ. ನಾ ಸತ್ತ ಹನ್ನೊಂದನೇ ದಿನಕ್ಕ ನನ್ನ ಸೊಸಿ ಹಚ್ಚತಾಳ, ಅಕಿ ಮಗಳು ಹಚ್ಚತಾಳ. ಎಲ್ಲಾರ ಮುಂದ ನನ್ನ ಮಾರಿ ಹಿಂಗ ಇಳದು ಹೋಗಲೇನು? ನೀರಿಗೆ ಹೆದರೂ ಮಾರಿ ನನಗ ಬ್ಯಾಡ.”

ಮಧು ಎದ್ದು ಅಡುಗೆಮನೆಗೆ ಹೋದಳು. ಗಡಿಗೆ ಸರಿಸಿ, ಅಡಿಯ ಕಾಗದ ಎಳೆದು, ಸೀರೆಗೆ ಒರೆಸಿಕೊಂಡು ತಂದು ಅತ್ತೆಯ ಕೈಗಿಟ್ಟಳು. ಅಷ್ಟು ದಿನ ನೀರು ಕುಡಿದ ಕಾಗದ. ಅಂಚು ಸ್ವಲ್ಪ ಸೊಟ್ಟಗಾಗಿತ್ತು. ಮುಖ ಹಾಗೇ ಇತ್ತು.

“ಅದು ಬ್ಯಾಡ ಅಕ್ಕಾ” ಎಂದ ನಿಜಗುಣಪ್ಪ. “ಅದು ಹೊಲಸು ಐತಿ. ಓರೆ ಮಾಡಿ ನೋಡು ಬೇಕಾರ.”

ಅವಳು ಓರೆ ಮಾಡಿ ನೋಡಿದಳು. ಕಪ್ಪಿನ ಮೇಲೆ ತಾಮ್ರದ ಬಣ್ಣ ಎದ್ದು, ಕೆನ್ನೆಯಿಂದ ಕೊರಳಿಗೆ ಹರಿದು, ಮತ್ತೆ ಮುಳುಗಿತು. ಅವಳು ಇನ್ನೊಮ್ಮೆ ಓರೆ ಮಾಡಿದಳು.

“ಹೊಲದಾಗ ಬೆವತಾಗ ನನ್ನ ಮಾರಿ ಹಿಂಗ ಇರತೈತಿ” ಎಂದಳು. “ನೀ ಯಾವಾಗ ನೋಡಿದಿ?”

ಅವನು ಅಕ್ಕನನ್ನು ಹೊಲದಲ್ಲಿ ನೋಡಿದ್ದೇ ಇಲ್ಲ. ಅವನು ನೋಡಿದ್ದು ಪಡಸಾಲೆಯಲ್ಲಿ, ಫೋಟೋಕ್ಕೆ ಬೆನ್ನು ಮಾಡಿ ಕೂತು, ಚಹಾ ಕುಡಿಯುವಷ್ಟು ಹೊತ್ತು.

ಸಾವಿತ್ರೆವ್ವ ತಾನೇ ಮೂರು ಬೆರಳು ನೀರಿನಲ್ಲಿ ಅದ್ದಿದಳು. ಗಟ್ಟಿಯ ಮೇಲೆ ತೇಯ್ದು ಫೋಟೋದ ಹಣೆಗೆ ಎಳೆದಳು. ಮೂವರೂ ನೋಡುತ್ತ ನಿಂತರು. ವಿಭೂತಿ ಒಣಗಿ ಬೆಳ್ಳಗಾಯಿತು. ಸುತ್ತಲಿನ ಕಪ್ಪು ಕದಲಲಿಲ್ಲ. ಅವಳು ಸೆರಗಿನ ತುದಿ ಒದ್ದೆ ಮಾಡಿ ಒಂದು ಗೆರೆಯನ್ನು ಒತ್ತಿ ಒರೆಸಿದಳು. ಸೆರಗಿಗೆ ಬೂದಿ ಬಂತು, ಕಪ್ಪು ಬರಲಿಲ್ಲ. ಒರೆಸಿದ ಗೆರೆಯನ್ನು ಮತ್ತೆ ಹಚ್ಚಿ ಸರಿ ಮಾಡಿದಳು.

“ಇದು ಸಾಕು ನನಗ.”

“ಅಕ್ಕಾ, ಅದಕ್ಕ ಕಟ್ಟಾದ್ರೂ ಹಾಕಿಸಿ ಕೊಡತೇನಿ ತಡಿ” ಎಂದು ನಿಜಗುಣಪ್ಪ ಕೈ ಚಾಚಿದ.

ಅವಳು ಫೋಟೋವನ್ನು ಎದೆಗೆ ಎಳೆದುಕೊಂಡಳು. ಬೇಕೆಂದು ಮಾಡಿದ್ದಲ್ಲ, ಬಿಸಿ ಪಾತ್ರೆಯ ಹತ್ತಿರ ಕೂಸಿನ ಕೈ ಹೋದರೆ ಹೇಗೆ ಎಳೆದುಕೊಳ್ಳುತ್ತೇವೋ ಹಾಗೆ. ಇಲಕಲ್ ಸೀರೆಯ ತುಂಡಿನಲ್ಲಿ ಅದನ್ನು ಸುತ್ತಿ ಚೀಲಕ್ಕಿಟ್ಟಳು. ಊಟಕ್ಕೆ ನಿಲ್ಲು ಎಂದರೆ ನಿಲ್ಲಲಿಲ್ಲ, ಮುನವಳ್ಳಿ ಬಸ್ಸು ತಪ್ಪುತ್ತದೆ ಎಂದಳು. ಚಪ್ಪಲಿ ಮೆಟ್ಟಿಕೊಂಡು, ಹೊಸ್ತಿಲ ಆಚೆ ನಿಂತು, ತಮ್ಮನ ಭುಜದ ಮೇಲೆ ಕೈಯಿ‌ಟ್ಟಳು.

“ನಾ ಸತ್ತ ದಿನಾ ಬಾ. ಮಣ್ಣು ಹಾಕು, ಅಳು, ಉಣ್ಣು. ಫೋಟೋ ಮಾತ್ರ ಮುಟ್ಟಬ್ಯಾಡ.”

ಅವಳು ಓಣಿಯ ತಿರುವು ದಾಟುವ ತನಕ ಅವನು ಬಾಗಿಲಲ್ಲೇ ನಿಂತಿದ್ದ. ಆಮೇಲೆ ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆದ. ಬೂದಿ ಹೋಯಿತು. ಉಗುರಿನ ಸಂದಿಯಲ್ಲಿ ಇಳಿದ ನೇರಳೆ ಹೋಗಲಿಲ್ಲ. ಕಲ್ಲಿಗೆ ಉಜ್ಜಿದ, ಹೋಗಲಿಲ್ಲ.

ಹೊರಗೆ ಬಂದಾಗ ಮಧು ಮೇಜು ಒರೆಸುತ್ತಿದ್ದಳು. ಕೆಟ್ಟುಹೋದ ಫೋಟೋವನ್ನು ಎರಡು ಬೆರಳಿನಲ್ಲಿ ದೂರ ಹಿಡಿದಿದ್ದಳು. ಅದು ಒಣಗಿತ್ತು. ಬಿಳಿ ಮುಖ, ಕಣ್ಣಿಲ್ಲ, ಬೈಯುವ ಬಾಯಿಯೂ ಇಲ್ಲ.

“ಇದನ್ನ ಸುಡಲೇನಪ್ಪಾ? ನೋಡಾಕ ಆಗೂದಿಲ್ಲ.”

“ಬ್ಯಾಡ. ಅದಕ್ಕ ಕಟ್ಟು ಹಾಕಿಸು. ನಾ ಊಟಕ್ಕ ಕೂಡತೇನಲ್ಲ, ಅದರ ಎದುರಿನ ಗ್ವಾಡಿಗೆ ಹಚ್ಚು.”

ಮಧು ಅಪ್ಪನ ಮುಖ ನೋಡಿದಳು. “ಯಾಕ?”

“ನೋಡಲಿ” ಎಂದ ನಿಜಗುಣಪ್ಪ.

ಯಾರು ನೋಡಲಿ ಎಂದು ಅವಳು ಕೇಳಲಿಲ್ಲ. ಮೊಳೆ ಹುಡುಕಲು ಒಳಗೆ ಹೋದಳು.